ಭಾವನ ಬ್ಯಾಗಿನಲ್ಲಿ ಒಂದು ತೋಟಾ

ಮಸ್ಕತ್‌ನಲ್ಲಿರುವ ಮಗಳ ಬಾಣಂತನಕ್ಕೆ ನಾನೂ ಹೆಂಡತಿಯೂ ಹೊರಟಿದ್ದೆವು. ತೀರ್ಥಹಳ್ಳಿ ಹತ್ತಿರದ ಊರು ನಮ್ಮದು. ನನಗಿದ್ದ ಚಿಂತೆ ಒಂದೇ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಿ ಸೋರುತ್ತದೋ ಅಂತ. ಡಬ್ಬಿಗೆ ಮೂರು ಸುತ್ತು ಟೇಪ್ ಹಾಕಿ ಹೆಂಡತಿಯ ಸೂಟ್‌ಕೇಸಿನಲ್ಲಿಟ್ಟೆ. ಕೈಯಲ್ಲಿ ಹಿಡಿಯಲು ಒಳ್ಳೆ ಬ್ಯಾಗಿರಲಿಲ್ಲ. "ನಂದೇ ತಗೊಂಡು ಹೋಗಿ ಭಾವ" ಎಂದು ಭಾವ ಅವರ ಖಾಕಿ ಬ್ಯಾಗು ಕೊಟ್ಟರು.

ಭಾವನ ಬಳಿ ಬೆಳೆ ರಕ್ಷಣೆಯ ಲೈಸೆನ್ಸ್ ಇರುವ ಕೋವಿ ಇದೆ. ಹಂದಿ ಬೆದರಿಸಲು ರಾತ್ರಿ ತೋಟಕ್ಕೆ ಹೋಗುವಾಗ ಟಾರ್ಚು, ಎಲೆಯಡಿಕೆ, ಕೋವಿಗೆ ತುಂಬುವ ತೋಟಾ ಎಲ್ಲ ಅದೇ ಬ್ಯಾಗಿನಲ್ಲಿ. ಅದು ನನಗೆ ಗೊತ್ತಿತ್ತು. ಮೇಲ್ಮೇಲೆ ಒಮ್ಮೆ ನೋಡಿದೆ, ಖಾಲಿ ಇತ್ತು.

ಬೆಂಗಳೂರಿನಲ್ಲಿ ಇಮಿಗ್ರೇಷನ್ ಮುಗಿಸಿ ಸೆಕ್ಯೂರಿಟಿಗೆ ಬಂದೆವು. ಬ್ಯಾಗು ಎಕ್ಸ್-ರೇ ಒಳಗೆ ಹೋದದ್ದೇ ಬೆಲ್ಟು ನಿಂತಿತು. ಇನ್ನೊಂದು ಸಲ ಹಾಯಿಸಿದರು. ಪಕ್ಕದ ಜೇಬಿನ ಹೊಲಿಗೆ ಬಿಟ್ಟಿತ್ತಂತೆ. ಅಲ್ಲಿಂದ ಜಾರಿ ಅಸ್ತರಿನ ಸಂದಿಯಲ್ಲಿ ಕೂತಿತ್ತು. ಕೆಂಪು ಮೈ, ಹಿತ್ತಾಳೆ ತಳ, ಹಾರಿಸದ 12 ಬೋರ್.

"ಏನಿದು?"

"ತೋಟಾ ಸರ್."

"ಯಾವ ತೋಟ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಯಾವತ್ತೂ ವಿಮಾನ ಹತ್ತದ ಹೆಂಡತಿ ಒಬ್ಬಳೇ ಹೋದಳು. ನಾನು ಪೊಲೀಸ್ ಠಾಣೆಗೆ ಹೋದೆ. ಭಾವನ ಲೈಸೆನ್ಸಿನ ಫೋಟೊ ವಾಟ್ಸಾಪ್‌ನಲ್ಲಿ ತರಿಸಿ ತೋರಿಸಿದೆ. ಅದರಿಂದ ಏನೂ ಆಗಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕಿರುವುದು ಬಂದೂಕಿಗೆ ಮಾತ್ರ ಅಲ್ಲ, ಒಂದೇ ಒಂದು ತೋಟಾಕ್ಕೂ ಬೇಕು. ಅದೂ ಯಾರ ಕೈಯಲ್ಲಿದೆಯೋ ಅವರ ಹೆಸರಿಗೆ. 25ನೇ ಸೆಕ್ಷನ್ ಅಡಿ ಕೇಸಾಯಿತು. ಜಾಮೀನು ಸಿಕ್ಕಿತು, ಆದರೆ ಕೋರ್ಟನ್ನು ಕೇಳದೆ ದೇಶ ಬಿಡುವ ಹಾಗಿಲ್ಲ.

ತನ್ನ ಬಳಿ ಇದೆ ಎಂಬ ಅರಿವೇ ಇಲ್ಲದಿದ್ದರೆ ಅದು ಅಪರಾಧವಾಗದು, 1972ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ ಎಂದರು ವಕೀಲರು. ಇಂಥ ಕೇಸುಗಳನ್ನು ಹೈಕೋರ್ಟುಗಳು ರದ್ದು ಮಾಡಿದ್ದೂ ಇದೆ. ನನ್ನದೂ ರದ್ದಾಯಿತು, 11 ತಿಂಗಳ ಮೇಲೆ. ಅಷ್ಟರಲ್ಲಿ ಭಾವನಿಗೂ ಬಿಸಿ ತಟ್ಟಿತ್ತು. ಕೊಂಡ ತೋಟಾ ಎಷ್ಟೆಂದು ಲೈಸೆನ್ಸಿನಲ್ಲೇ ಬರೆದಿರುತ್ತದಲ್ಲ, ಆ ಲೆಕ್ಕ ಒಪ್ಪಿಸಲು ಅಲೆದದ್ದೇ ಅಲೆದದ್ದು. ಕಾಣೆಯಾದ ಆ ಒಂದು ತೋಟಾ ಹಳ್ಳದಲ್ಲಿ ಬಿದ್ದಿರಬೇಕು ಎಂದುಕೊಂಡು ಅವರು ಸುಮ್ನೆ ಇದ್ದರಂತೆ.

"ಸೂಟ್‌ಕೇಸಿಗೆ ಹಾಕಿದ್ದರೆ ಆಗುತ್ತಿತ್ತು" ಅಂದವರೂ ಇದ್ದಾರೆ. ಆಗುತ್ತಿರಲಿಲ್ಲ. ಅದನ್ನೂ ಎಕ್ಸ್-ರೇ ಮಾಡುತ್ತಾರೆ. ಲೈಸೆನ್ಸ್ ಇದ್ದವರು ವಿಮಾನ ಕಂಪನಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದು, ಬೇರೆಯಾಗಿ ಪ್ಯಾಕ್ ಮಾಡಿ ಒಬ್ಬರಿಗೆ 5 ಕೆಜಿ ಮೀರದಂತೆ ತೋಟಾ ಒಯ್ಯಬಹುದು. ಇಳಿಯುವ ದೇಶದ ಪರವಾನಗಿ ಬೇರೆ ಬೇಕು. ನಮ್ಮ ನಿಮ್ಮಂಥವರಿಗಲ್ಲ ಅದು.

ಈಗ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದಲೇ ವಿಮಾನ ಹತ್ತುವವರು ಜಾಸ್ತಿ. ಅಲ್ಲೂ ಇದೇ ಎಕ್ಸ್-ರೇ. ಕೋವಿ ಇರುವ ಮನೆಯ ಬ್ಯಾಗು, ಜಾಕೆಟ್ಟು ಎರಡೂ ಬೇಡ, ಹೊಸದೇ ಕೊಳ್ಳಿ. ಒಯ್ಯಲೇಬೇಕಾದರೆ ಮಗುಚಿ ಕೊಡವಿ, ಅಸ್ತರಿನ ಮೂಲೆಮೂಲೆಯನ್ನೂ ಬೆರಳಿನಿಂದ ತಡವಿ ನೋಡಿ. ಹಾರಿಸಿದ ತೋಟಾದ ಖಾಲಿ ಚಿಪ್ಪು ಸಿಕ್ಕರೂ ಮನೆಯಲ್ಲೇ ಬಿಡಿ.

ನಾನು ಮಸ್ಕತ್ ತಲುಪುವಾಗ ಮೊಮ್ಮಗ ಗೋಡೆ ಹಿಡಿದು ನಿಲ್ಲುತ್ತಿದ್ದ. ಉಪ್ಪಿನಕಾಯಿ ಡಬ್ಬಿ ಖಾಲಿಯಾಗಿತ್ತು.