ರಿಗ್ ಮಾಡಿಸ್ತಿದ್ದೀರಾ? ಕಾಲು ಎತ್ತಿ ನೋಡದೆ ಪೂರ್ತಿ ದುಡ್ಡು ಕೊಡಬೇಡಿ

ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ಪಾತ್ರಕ್ಕೆ ಹೊರಗಿನವರಿಂದ ರಿಗ್ (ಪಾತ್ರವನ್ನು ಆಡಿಸಲು ಒಳಗಿಡುವ ಬೋನ್‌ಗಳ ಅಂದರೆ ಮೂಳೆಗಳ ಚೌಕಟ್ಟು) ಮಾಡಿಸುವವರು ಇದನ್ನು ಒಮ್ಮೆ ಓದಿಬಿಡಿ. ಮಕ್ಕಳ ಕಥೆಯ ವಿಡಿಯೋಗೆ ಅಂತ ಚಡ್ಡಿ ಹಾಕಿದ ಪುಟ್ಟ ಹುಡುಗನ ಮಾಡೆಲ್ ಮಾಡಿದ್ದೆ. ರಿಗ್ಗಿಂಗ್‌ಗೆ ಟೈಮ್ ಇರಲಿಲ್ಲ, ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬ ಫ್ರೀಲ್ಯಾನ್ಸರ್‌ಗೆ ಕೊಟ್ಟೆ. ಅರ್ಧ ದುಡ್ಡು ಮುಂಗಡ, ಉಳಿದರ್ಧ ಪ್ರಿವ್ಯೂ ವಿಡಿಯೋ ನೋಡಿದ ಮೇಲೆ, ಫೈಲ್ ಕೈಗೆ ಬರೋದು ಅದೂ ಆದ ಮೇಲೆ. ಅವರ ಷರತ್ತೇ ಹಾಗಿತ್ತು. ವಿಡಿಯೋ ಏನೋ ಚೆನ್ನಾಗಿಯೇ ಇತ್ತು. ಹುಡುಗ ಕೈ ಬೀಸುತ್ತಾನೆ, ತಲೆ ಆಡಿಸುತ್ತಾನೆ, ನಗುತ್ತಾನೆ. ಕಾಲು ಮಾತ್ರ ಎಲ್ಲೂ ಅಲ್ಲಾಡುವುದಿಲ್ಲ!

ಫೈಲ್ ಬಂತು. ಪೋಸ್ ಮೋಡ್‌ಗೆ ಹೋಗಿ ಪಾದದ ಕಂಟ್ರೋಲ್ ಹಿಡಿದು ಸ್ವಲ್ಪ ಮೇಲೆತ್ತಿದೆ. ಮೊಣಕಾಲು ಮಡಚಬೇಕು, ಸೊಂಟ ಇದ್ದಲ್ಲೇ ಇರಬೇಕು, ಐಕೆ (ಪಾದ ಎಳೆದರೆ ಮೇಲಿನ ಬೋನ್‌ಗಳು ತಾವಾಗೇ ಮಡಚುವ ವ್ಯವಸ್ಥೆ) ಅಂದರೆ ಅಷ್ಟೇ ತಾನೆ? ಇಲ್ಲಿ ಸೊಂಟವೇ ವಾಲಿತು, ಅದರ ಜೊತೆ ಬೆನ್ನು, ತಲೆ, ಇಡೀ ಹುಡುಗನೇ ಪಕ್ಕಕ್ಕೆ ವಾಲಿದ. ಆ ಐಕೆಯ ಸೆಟ್ಟಿಂಗ್, ಅಂದರೆ ಕನ್‌ಸ್ಟ್ರೇಂಟ್ ತೆರೆದು ನೋಡಿದರೆ ಚೈನ್ ಲೆಂತ್ (ಐಕೆ ಎಷ್ಟು ಬೋನ್‌ಗಳನ್ನು ಎಳೆಯಬೇಕು ಅನ್ನೋದು) 0. ಐಕೆ ಹಾಕಿದ ತಕ್ಷಣ ಬ್ಲೆಂಡರ್ ತಾನಾಗೇ ಇಡುವ ಅಂಕಿ ಅದು. 0 ಅಂದರೆ ಸೊನ್ನೆ ಬೋನ್ ಅಲ್ಲ, ಬುಡದವರೆಗೆ ಎಷ್ಟು ಬೋನ್ ಇದೆಯೋ ಅಷ್ಟೂ ಅಂತ. ಕಾಲಿಗೆ ಬೇಕಾಗಿದ್ದು 2, ಮೊಣಕಾಲ ಕೆಳಗಿನದು ಮತ್ತು ತೊಡೆಯದು. ಅಂದರೆ ಹಾಕಿದವರು ಒಂದು ಸಲವೂ ಕಾಲು ಎತ್ತಿ ನೋಡಿರಲಿಲ್ಲ.

ಸರಿ, 2 ಅಂತ ಬದಲಾಯಿಸಿದೆ. ಆಗ ಮೊಣಕಾಲು ಹಿಂದಕ್ಕೆ ಮಡಚಿಕೊಂಡಿತು, ಥೇಟ್ ಕೊಕ್ಕರೆ ಕಾಲು. ಎಡಿಟ್ ಮೋಡ್‌ನಲ್ಲಿ ಪಕ್ಕದಿಂದ ನೋಡಿದಾಗ ಕಾರಣ ಗೊತ್ತಾಯಿತು. ತೊಡೆ, ಕಾಲು ಎರಡೂ ಬೋನ್ ಒಂದೇ ಗೆರೆಯಲ್ಲಿ ನೆಟ್ಟಗಿದ್ದವು. ಹಾಗಿದ್ದರೆ ಯಾವ ಕಡೆ ಮಡಚಬೇಕು ಅನ್ನೋದು ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು? ರಿಗ್ ಮಾಡುವಾಗಲೇ ಮೊಣಕಾಲಿನ ಗಂಟನ್ನು ಒಂದು ಚೂರು ಮುಂದಕ್ಕೆ ಎಳೆದಿಡಬೇಕು. ಕಣ್ಣಿಗೆ ಕಾಣದಷ್ಟು ಬಾಗಿದ್ದರೂ ಸಾಕಾಗುತ್ತದೆ.

ಪೋಲ್ ಟಾರ್ಗೆಟ್ (ಮೊಣಕಾಲು ಯಾವ ಕಡೆ ಮಡಚಬೇಕು ಅಂತ ತೋರಿಸುವ ಬೋನ್) ಇರಲಿಲ್ವಾ ಅಂತೀರಾ? ಇತ್ತು. ಮೊಣಕಾಲ ಮುಂದೆ ಒಂದು ಬೋನ್ ಇಟ್ಟಿದ್ದರು, ಕನ್‌ಸ್ಟ್ರೇಂಟ್‌ಗೆ ಜೋಡಿಸಿರಲಿಲ್ಲ. ಜೋಡಿಸಿದ ಕೂಡಲೇ ಕಾಲು ಕಾಲುಸುತ್ತು ತಿರುಗಿ ನಿಂತಿತು. ಇದು ಎಲ್ಲರಿಗೂ ಆಗುವಂಥದ್ದೇ, ಪೋಲ್ ಆ್ಯಂಗಲ್‌ನಲ್ಲಿ 90 ಅಥವಾ ಮೈನಸ್ 90 ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನನ್ನ ಗ್ರಹಚಾರಕ್ಕೆ ಎಡಗಾಲಿಗೆ ಒಂದು ಅಂಕಿ, ಬಲಗಾಲಿಗೆ ಇನ್ಯಾವುದೋ ವಿಚಿತ್ರ ಅಂಕಿ. ಬೋನ್ ರೋಲ್ (ಬೋನ್ ತನ್ನ ಉದ್ದದ ಸುತ್ತ ಎಷ್ಟು ತಿರುಗಿದೆ ಅನ್ನೋದು) ಎರಡೂ ಕಡೆ ಬೇರೆ ಬೇರೆ ಇತ್ತು. ಸಿಮೆಟ್ರೈಜ್ (ಒಂದು ಕಡೆಯ ಬೋನ್‌ಗಳನ್ನು ಕನ್ನಡಿಯಲ್ಲಿದ್ದಂತೆ ಇನ್ನೊಂದು ಕಡೆಗೆ ನಕಲು) ಮಾಡೋಣ ಅಂದರೆ ಹೆಸರುಗಳ ಕೊನೆಯಲ್ಲಿ ಎಡ ಬಲದ ಗುರುತೇ ಇಲ್ಲ, ಬರೀ ಬೋನ್ 003, ಬೋನ್ 017. ಗುರುತಿಲ್ಲದಿದ್ದರೆ ಒಂದು ಕಡೆಯ ಪೋಸನ್ನು ಇನ್ನೊಂದು ಕಡೆಗೆ ತಿರುಗಿಸಿ ಪೇಸ್ಟ್ ಮಾಡೋದೂ ಆಗುವುದಿಲ್ಲ, ವಾಕ್ ಸೈಕಲ್ (ನಡಿಗೆಯ ಅನಿಮೇಷನ್) ಮಾಡುವವರಿಗೆ ಇದು ಎಂಥ ತಲೆನೋವು ಅಂತ ಗೊತ್ತಿರುತ್ತದೆ.

ಆಮೇಲೆ ಪೋಲ್ ಬೋನನ್ನು ಪಕ್ಕಕ್ಕೆ ಸರಿಸಿದೆ ನೋಡಿ, ಚಡ್ಡಿಯ ಅಂಚು ಅದರ ಹಿಂದೆಯೇ ಉದ್ದಕ್ಕೆ ಎಳೆದುಕೊಂಡು ಬಂತು. ನಗು ಬಂತು ನಿಜ, ಸಿಟ್ಟೂ ಬಂತು. ಕಂಟ್ರೋಲ್ ಬೋನ್‌ಗಳಲ್ಲಿ ಡಿಫಾರ್ಮ್ (ಬೋನ್ ಮಾಡೆಲ್‌ನ ಮೈಯನ್ನು ಎಳೆಯಲಿ ಅನ್ನೋ ಆಯ್ಕೆ) ಟಿಕ್ ತೆಗೆಯದೆ ಆಟೋಮ್ಯಾಟಿಕ್ ವೇಟ್ಸ್ (ಯಾವ ಭಾಗ ಯಾವ ಬೋನ್ ಜೊತೆ ಅಲ್ಲಾಡಬೇಕು ಅಂತ ಬ್ಲೆಂಡರೇ ಹಂಚೋದು) ಕೊಟ್ಟಿದ್ದಾರೆ, ಹಾಗಾಗಿ ಬಟ್ಟೆಯ ಒಂದಿಷ್ಟು ಭಾಗ ಪೋಲ್‌ಗೆ ಅಂಟಿಕೊಂಡಿದೆ. ಇನ್ನು ಪಾದದ ಕಂಟ್ರೋಲ್‌ಗೆ ಪೇರೆಂಟ್ (ಅದು ಹೋದಲ್ಲೆಲ್ಲ ಇದೂ ಹೋಗುವ ಬೋನ್) ಸೊಂಟ! ಹುಡುಗನನ್ನು ಕೂರಿಸೋಣ ಅಂತ ಸೊಂಟ ಇಳಿಸಿದರೆ ಪಾದಗಳೂ ನೆಲದೊಳಗೆ ಇಳಿಯುತ್ತವೆ. ಪಾದ ನೆಲ ಬಿಡಬಾರದು ಅಂತಲೇ ಅಲ್ವಾ ಐಕೆ ಹಾಕೋದು?

ಆರ್ಮೇಚರ್ (ಬೋನ್‌ಗಳ ಇಡೀ ಚೌಕಟ್ಟು) ಸ್ಕೇಲ್ ಕೂಡ 1 ಇರಲಿಲ್ಲ. ಇದನ್ನು ಮೊದಲೇ ನೋಡಿಕೊಳ್ಳಿ. ಅನಿಮೇಷನ್ ಕೀ (ಯಾವ ಫ್ರೇಮ್‌ನಲ್ಲಿ ಯಾವ ಭಂಗಿ ಅನ್ನೋ ಗುರುತು) ಹಾಕಿ ಆದ ಮೇಲೆ ಸ್ಕೇಲ್ ಅಪ್ಲೈ ಮಾಡಿದರೆ, ಅಂದರೆ ಈಗಿನ ಅಳತೆಯನ್ನೇ 1 ಅಂತ ಮಾಡಿದರೆ, ಲೊಕೇಶನ್ ಕೀಗಳು ಹಳೆಯ ಅಳತೆಯಲ್ಲೇ ಉಳಿದು ಹೆಜ್ಜೆಗಳೆಲ್ಲ ಹದಗೆಡುತ್ತವೆ.

ಅವರಿಗೆ ಮೆಸೇಜ್ ಮಾಡಿದೆ. ಮೊದಲು ನಿಮ್ಮ ಬ್ಲೆಂಡರ್ ವರ್ಷನ್ ಸರಿಯಿಲ್ಲ ಅಂದರು. ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದೆ. ಫೈಲ್ ಕೊಟ್ಟ ಮೇಲೆ ರಿಫಂಡ್ ಇಲ್ಲ, ತಿದ್ದಬೇಕಾದರೆ ಬೇರೆ ಚಾರ್ಜ್ ಅಂದರು. ಅಲ್ಲಿಗೆ ಉತ್ತರ ನಿಂತುಹೋಯಿತು. ಕೊನೆಗೆ ಕಾಲಿನ ಬೋನ್‌ಗಳನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಕಟ್ಟಿದ್ದಾಯಿತು, ದುಡ್ಡೂ ಹೋಯಿತು, ಟೈಮೂ ಹೋಯಿತು.

ಮನುಷ್ಯ ಪಾತ್ರವಾದರೆ ಹೊರಗೆ ಕೊಡುವ ಮುಂಚೆ ರಿಗಿಫೈ ಅನ್ನೋ ಆ್ಯಡ್-ಆನ್ ನೋಡಿ. ಬ್ಲೆಂಡರ್ ಜೊತೆಗೇ ಫ್ರೀ ಆಗಿ ಬರುತ್ತದೆ, ಪ್ರಿಫರೆನ್ಸಸ್‌ನಲ್ಲಿ ಆನ್ ಮಾಡಿಕೊಂಡರೆ ಆಯಿತು. ಬೋನ್‌ಗಳನ್ನು ಮೈಗೆ ಹೊಂದಿಸಿ ಜನರೇಟ್ ಒತ್ತಿದರೆ ಐಕೆ ಮತ್ತು ಎಫ್‌ಕೆ (ಬೋನ್‌ಗಳನ್ನು ಒಂದೊಂದಾಗಿ ತಿರುಗಿಸುವ ವಿಧಾನ) ನಡುವೆ ಬದಲಾಯಿಸುವ ಸ್ಲೈಡರ್ ಸಮೇತ ಕಂಟ್ರೋಲ್‌ಗಳು ಸಿಗುತ್ತವೆ. ವೇಟ್ ಪೇಂಟ್ (ಯಾವ ಭಾಗ ಯಾವ ಬೋನ್‌ಗೆ ಅನ್ನೋದನ್ನು ಕೈಯಾರೆ ತಿದ್ದೋ) ಕೆಲಸ ಹೇಗೂ ತಪ್ಪುವುದಿಲ್ಲ ಬಿಡಿ.

ಹೊರಗೇ ಮಾಡಿಸಬೇಕು ಅಂದರೆ ಕೊನೆಯ ಕಂತು ಕೊಡುವ ಮುಂಚೆ ಫೈಲನ್ನೇ ಕೇಳಿ. ಕೊಡಲ್ಲ ಅಂದರೆ, ಪಾದ ಎತ್ತೋದು, ಸೊಂಟ ಇಳಿಸೋದು, ಪೋಲ್ ಸರಿಸೋದು ಈ ಮೂರನ್ನೂ ಎರಡೂ ಕಾಲಿಗೆ ಮಾಡಿ, ವೈರ್‌ಫ್ರೇಮ್ (ಮಾಡೆಲ್‌ನ ಗೆರೆಗಳು ಕಾಣುವ ನೋಟ) ಆನ್ ಇಟ್ಟು ರೆಕಾರ್ಡ್ ಮಾಡಿ ಕಳಿಸಿ ಅನ್ನಿ. ಕೆಲಸ ಗೊತ್ತಿರುವವರಿಗೆ ಅದು ಎರಡು ನಿಮಿಷದ ಮಾತು. ಅದಕ್ಕೂ ನೆಪ ಹೇಳಿದರೆ ಕೊನೆಯ ಕಂತು ನಿಮ್ಮ ಹತ್ತಿರವೇ ಇರಲಿ.