ಜಗಲಿಯಿಂದ ಕಣದ ತನಕ: ಮೂರು ಮಳೆಗಾಲ ವೈಫೈ ಕಾಲಿಂಗ್ ಬಳಸಿದ ಮೇಲೆ

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದ ಒಳಗೆ. ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಕಾಫಿ ಒಣಗಿಸುವ ಕಣಕ್ಕೆ ಬಂದರೆ 4ಜಿ ಚೆನ್ನಾಗಿದೆ. ಅದಕ್ಕೇ ಫೈಬರ್ ಹಾಕಿಸಿ ವೈಫೈ ಕಾಲಿಂಗ್, ಅಂದರೆ ಟವರ್ ಬದಲು ಮನೆಯ ವೈಫೈ ಮೂಲಕ ಮೊಬೈಲ್ ಕರೆ, ಶುರು ಮಾಡಿದೆವು.

ಒಳಗೆ ಕೂತು ಮಾತಾಡಿದರೆ ತಕರಾರೇ ಇಲ್ಲ. ಜುಲೈ ಮಳೆ ಹೆಂಚಿನ ಮೇಲೆ ಬಡಿಯುವಾಗಲೂ ಬೆಂಗಳೂರಿನ ಮಗಳ ದನಿ ಸ್ಪಷ್ಟ. ಕಷ್ಟ ಇದ್ದದ್ದು ನಡೆಯುವಾಗ. ಜಗಲಿ ಇಳಿದು ಕಣದ ಕಡೆ ಹೊರಟರೆ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಹತ್ತಿರ ದನಿ ತುಂಡಾಗುತ್ತಿತ್ತು. ಅಪ್ಪನಿಗೆ ಉಸಿರು ಕಟ್ಟಿದ ರಾತ್ರಿ, ಡಾಕ್ಟರ್ ಹತ್ತಿರ ಮಾತಾಡುತ್ತಾ ಕಾರಿಗೆ ಓಡುವಾಗ, ಅಲ್ಲೇ ಕಾಲ್ ಕಟ್ ಆಯಿತು. ಆವತ್ತಿಂದ ಇದರ ಬೆನ್ನು ಹತ್ತಿದೆ.

4ಜಿಯಲ್ಲಿ ನೆಟ್‌ವರ್ಕ್ ಮಾತಿಗೆಂದೇ ಬೇರೆ ದಾರಿ ಬಿಡುತ್ತದೆ. ಅದು ಕ್ಯೂಸಿಐ 1; ಕ್ಯೂಸಿಐ ಅಂದರೆ ಯಾವುದಕ್ಕೆ ಎಂಥ ದಾರಿ ಅನ್ನುವ ದರ್ಜೆ. ಪ್ಯಾಕೆಟ್, ಅಂದರೆ ಮಾತಿನ ಒಂದೊಂದು ತುಣುಕು, 100 ಮಿಲಿಸೆಕೆಂಡಿನೊಳಗೆ ದಾಟಬೇಕು ಅನ್ನುವ ಲೆಕ್ಕ. ಸಾಮಾನ್ಯ ಡೇಟಾಗೆ, ಅಂದರೆ ಕ್ಯೂಸಿಐ 9ಕ್ಕೆ, 300. ಮನೆಯ ವೈಫೈಯಲ್ಲಿ ಆ ಭರವಸೆ ಇಲ್ಲ. ಫೋನ್ ಐಪಿಸೆಕ್ ಅನ್ನುವ ಗುಪ್ತ ಸುರಂಗ ಕಟ್ಟಿ, ಇಂಟರ್ನೆಟ್ ಮೂಲಕ ಬರುವ ಕರೆಗಳಿಗೆ ಮೊಬೈಲ್ ಕಂಪನಿ ಇಟ್ಟ ಬಾಗಿಲಾದ ಇಪಿಡಿಜಿ ಗೇಟ್‌ವೇಗೆ ಸೇರುತ್ತದೆ. ವೈಫೈ ಬಿಟ್ಟು ದಾಟುವಾಗ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಫೋನಿನ ಗುರುತಿನ ಸಂಖ್ಯೆ) ಹಳೆಯದೇ ಉಳಿದರೆ ಕಾಲ್ ಮುಂದುವರಿಯುತ್ತದೆ. ಆದರೆ ವಾಪಸ್ 4ಜಿಗೆ ಹೋದಾಗ ಮಾತಿನ ದಾರಿ ಮತ್ತೆ ಹೊಸದಾಗಿ ಏರ್ಪಾಡಾಗಬೇಕು. ಮಾತಿನ ಪ್ಯಾಕೆಟ್ 20 ಮಿಲಿಸೆಕೆಂಡಿಗೊಂದು. ಒಂದು ಸೆಕೆಂಡ್ ತಡವಾದರೆ 50 ಹೋಯಿತು, ಅಲ್ವಾ? ನನ್ನ ಫೋನ್ ಸಾಯುತ್ತಿರುವ ವೈಫೈಯನ್ನೇ ಕೊನೇ ತನಕ ಹಿಡಿದುಕೊಂಡಿರುತ್ತಿತ್ತು. ಏರ್ಪಾಡಿಗೆ ಸಮಯವೇ ಸಿಗುತ್ತಿರಲಿಲ್ಲ. ಕಸ್ಟಮರ್ ಕೇರ್‌ನವರು ಸುಮ್ನೆ ರೀಸ್ಟಾರ್ಟ್ ಮಾಡಿ ಅಂದರು.

ಕೆಲಸ ಮಾಡಿದ್ದು ಜಾಗ. ರೂಟರನ್ನು ಒಳಕೋಣೆಯಿಂದ ಜಗಲಿಯ ಕಿಟಕಿಗೆ ತಂದೆ. ಈಗ ಓಕ್ ಮರದ ಆಚೆಗೂ ಇಪ್ಪತ್ತು ಹೆಜ್ಜೆ ವೈಫೈ, 4ಜಿ ಎರಡೂ ಒಟ್ಟಿಗೆ ಸಿಗುತ್ತವೆ. ಅಷ್ಟರಲ್ಲಿ ಫೋನ್ ದಾಟಿಕೊಳ್ಳುತ್ತದೆ.

ರೂಟರ್‌ನಲ್ಲಿ ಡಬ್ಲ್ಯೂಎಂಎಂ, ಅಂದರೆ ಮಾತು, ವಿಡಿಯೋಗಳನ್ನು ಬೇರೆ ಬೇರೆ ಸಾಲಿಗೆ ಹಾಕುವ ವೈಫೈ ವ್ಯವಸ್ಥೆ, ಆನ್ ಇರಲಿ. ಮಾತಿನ ಪ್ಯಾಕೆಟ್ ಮೇಲೆ ಆದ್ಯತೆ ಹೇಳುವ 46 ಅನ್ನುವ ಗುರುತಿರುತ್ತದೆ. ತುಂಬಾ ರೂಟರ್‌ಗಳು ಅದರ ಮೊದಲ ಮೂರು ಬಿಟ್ ಮಾತ್ರ ನೋಡಿ ವಿಡಿಯೋ ಸಾಲಿಗೆ ತಳ್ಳುತ್ತವೆ. ಮಾತಿನ ಸಾಲಿಗೇ ಹಾಕಿ ಅನ್ನುತ್ತದೆ 2018ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 8325. ಸೆಟ್ಟಿಂಗ್‌ನಲ್ಲಿ ಬದಲಿಸಲು ಬಂದರೆ ಬದಲಿಸಿ. ಇಂಟರ್ನೆಟ್ ಕಂಪನಿ ದಾರಿಯಲ್ಲೇ ಗುರುತು ಅಳಿಸಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಜೋರು ಮಳೆಯ ದಿನ ಓಕ್ ಮರದ ಹತ್ತಿರ ಈಗಲೂ ಒಂದು ಶಬ್ದ ನುಂಗಿ ಹೋಗುತ್ತದೆ, ಆದರೆ ಕಾಲ್ ಉಳಿಯುತ್ತದೆ. ಮತ್ತೆ, ರೂಟರ್‌ಗೆ ಚಿಕ್ಕ ಯುಪಿಎಸ್ ಇಡಲೇಬೇಕು. ಕರೆಂಟ್ ಹೋಗಿ ವೈಫೈ ಒಮ್ಮೆಲೇ ಸತ್ತರೆ, ಮನೆಯೊಳಗೆ ದಾಟಿಕೊಳ್ಳಲು ಬೇರೆ ಸಿಗ್ನಲ್ಲೇ ಇರುವುದಿಲ್ಲ.