ಪರಿಸರ ವಿಜ್ಞಾನದ ಪದವಿಗೆ ಮೂರು ಬಾಗಿಲು: ಫೌಂಡೇಶನ್ ವರ್ಷ, ಆಕ್ಸೆಸ್ ಡಿಪ್ಲೊಮಾ, ದೂರಶಿಕ್ಷಣದ ಮಾಡ್ಯೂಲ್

ಪಿಯುಸಿಯಲ್ಲಿ ವಾಣಿಜ್ಯ ಓದಿ, ಹನ್ನೊಂದು ವರ್ಷ ಲೆಕ್ಕಪತ್ರದ ಕೆಲಸ ಮಾಡಿದ ಮೇಲೆ ಇಂಗ್ಲೆಂಡಿನಲ್ಲಿ ಪರಿಸರ ವಿಜ್ಞಾನದ ಬಿ.ಎಸ್ಸಿ. ಸೇರಲು ಹೊರಟ ನನಗೆ ನೇರ ಪ್ರವೇಶದ ಆಸೆ ಇಟ್ಟುಕೊಳ್ಳುವಂತಿರಲಿಲ್ಲ. ಇಲ್ಲಿನ ವಿಶ್ವವಿದ್ಯಾಲಯಗಳು ಈ ಪದವಿಗೆ ಸಾಮಾನ್ಯವಾಗಿ ಎ-ಲೆವೆಲ್‌ನಲ್ಲಿ (ನಮ್ಮ ಪಿಯುಸಿಗೆ ಸಮನಾದ ಹಂತ) ಒಂದು ವಿಜ್ಞಾನ ವಿಷಯವನ್ನೋ ಭೂಗೋಳವನ್ನೋ ಬಯಸುತ್ತವೆ. ನನ್ನ ರಸಾಯನಶಾಸ್ತ್ರ ಹತ್ತನೆಯ ತರಗತಿಗೇ ನಿಂತಿತ್ತು. ಆ ಕೊರತೆಯನ್ನು ತುಂಬಿಕೊಳ್ಳುವ ಮೂರು ದಾರಿಗಳಲ್ಲೂ ನಾನು ಕಾಲಿಟ್ಟಿದ್ದೇನೆ: ಒಂದನ್ನು ಪೂರ್ತಿ ಮುಗಿಸಿದೆ, ಇನ್ನೊಂದನ್ನು ಒಂದೇ ಟರ್ಮಿಗೆ ಬಿಟ್ಟೆ, ಮೂರನೆಯದರ ಮೂಲಕ ಪದವಿಯ ಒಳಗೆ ಬಂದೆ. ನನಗೆ ಸ್ಥಳೀಯ ವಿದ್ಯಾರ್ಥಿಯ ಶುಲ್ಕ ಅನ್ವಯಿಸುತ್ತದೆ. ವಿದ್ಯಾರ್ಥಿ ವೀಸಾದ ಮೇಲೆ ಬರುವವರಿಗೆ ಮುಂದೆ ಹೇಳುವ ಸಾಲದ ಲೆಕ್ಕಗಳು ಹೊಂದುವುದಿಲ್ಲ.

ಮೊದಲು ಹಿಡಿದದ್ದು ದೂರಶಿಕ್ಷಣ ಕೊಡುವ ಓಪನ್ ಯೂನಿವರ್ಸಿಟಿಯ ಆಕ್ಸೆಸ್ ಮಾಡ್ಯೂಲ್, ಅಂದರೆ ಪದವಿಗೆ ಮುಂಚಿನ ತಯಾರಿಯ ಪಾಠಕ್ರಮ. 30 ವಾರಗಳ ಈ ಪಾಠಕ್ರಮವನ್ನು ಕೆಲಸ ಬಿಡದೆ ಮನೆಯಿಂದಲೇ ಓದಬಹುದು, ಬೋಧಕರು ದೂರವಾಣಿಯಲ್ಲಿ ಒಬ್ಬೊಬ್ಬರೊಡನೆಯೇ ಮಾತನಾಡುತ್ತಾರೆ, ಮತ್ತು ಇದರ ಕ್ರೆಡಿಟ್‌ಗಳು ಪದವಿಯ 360 ಕ್ರೆಡಿಟ್‌ಗಳಿಗೆ ಸೇರುವುದಿಲ್ಲ. ವಿಜ್ಞಾನ ನನಗೆ ನಿಜವಾಗಿಯೂ ಬೇಕೇ, ಅಥವಾ ಕೆಲಸದ ಬೇಸರಕ್ಕೆ ಹುಟ್ಟಿದ ಹುಕಿಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿಯೇ. ಪಿಎಚ್ 6ರಿಂದ 5ಕ್ಕೆ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ ಎಂಬುದು ಅಡುಗೆಮನೆಯ ಮೇಜಿನ ಮೇಲೆ ಲಾಗರಿದಮ್ ಲೆಕ್ಕ ಮಾಡುತ್ತಿದ್ದ ಒಂದು ರಾತ್ರಿ ತಲೆಗೆ ಹತ್ತಿತು. ಆದರೆ ಪ್ರಯೋಗಾಲಯದ ಅಭ್ಯಾಸವನ್ನು ಈ ದಾರಿಯಿಂದ ನಿರೀಕ್ಷಿಸಬಾರದು.

ಎರಡನೆಯದು ಕಾಲೇಜೊಂದರಲ್ಲಿ ಸೇರಿದ ಆಕ್ಸೆಸ್ ಟು ಹೈಯರ್ ಎಜುಕೇಶನ್ ಡಿಪ್ಲೊಮಾ, ಓದು ಬಿಟ್ಟ ವಯಸ್ಕರನ್ನು ಪದವಿಗೆ ಸಿದ್ಧಗೊಳಿಸುವ ಕೋರ್ಸ್. ಇದರಲ್ಲಿ 60 ಕ್ರೆಡಿಟ್‌ಗಳಿದ್ದು, 45ಕ್ಕೆ ಮಾತ್ರ ಪಾಸ್, ಮೆರಿಟ್, ಡಿಸ್ಟಿಂಕ್ಷನ್ ಎಂಬ ದರ್ಜೆ ಕೊಡುತ್ತಾರೆ. ಈ ಡಿಪ್ಲೊಮಾದ ದೊಡ್ಡ ಬಲವೆಂದರೆ ಯಾವ ವಿಶ್ವವಿದ್ಯಾಲಯಕ್ಕೆ ಬೇಕಾದರೂ ಇದನ್ನು ಹಿಡಿದು ಅರ್ಜಿ ಹಾಕಬಹುದು. ತರಗತಿಯಲ್ಲಿ ಹೆಚ್ಚಿನವರು ಕೆಲಸ ಮತ್ತು ಮಕ್ಕಳ ನಡುವೆ ಓದುತ್ತಿದ್ದವರಾದ್ದರಿಂದ ಬೋಧನೆಯೂ ನೇರವಾಗಿತ್ತು. ಆದರೆ ವೇಗ ವಿಪರೀತ: ಎರಡು ವರ್ಷದ ವಿಷಯವನ್ನು ಒಂದರಲ್ಲಿ ತುರುಕಿದ್ದರಿಂದ ವಾರಕ್ಕೊಂದು ವರದಿ, ಅದರ ಮೇಲೆ ಇನ್ನೊಂದು ವರದಿ. ಟರ್ಮಿನ ನಡುವೆ ವೇಳಾಪಟ್ಟಿಯನ್ನು ಬದಲಿಸಿ ಹಗಲಿನ ತರಗತಿಗಳನ್ನು ಸೇರಿಸಿದಾಗ ನನ್ನ ಕೆಲಸದ ಸಮಯಕ್ಕೆ ಅದು ಹೊಂದಲಿಲ್ಲ, ಬಿಟ್ಟುಬಿಟ್ಟೆ.

ಆಮೇಲೆ ಕೆಲಸವನ್ನೇ ಬಿಟ್ಟು ಸೇರಿದ್ದು ನಾಲ್ಕು ವರ್ಷದ ಪದವಿಗೆ, ಅದರ ಮೊದಲ ವರ್ಷವೇ ಫೌಂಡೇಶನ್, ಅಂದರೆ ಅಡಿಪಾಯ ಹಾಕುವ ತಯಾರಿಯ ವರ್ಷ. ಇಲ್ಲಿ ಕಲಿತ ಪಾಠಗಳಿಗಿಂತ ಇಲ್ಲಿ ಮಾಡಿದ ತಪ್ಪುಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದಿವೆ. ನವೆಂಬರಿನಲ್ಲಿ ತೊರೆಯ ನೀರನ್ನು ಸೀಸೆಗೆ ತುಂಬಿ, ಕರಗಿದ ಆಮ್ಲಜನಕವನ್ನು ವಿಂಕ್ಲರ್ ವಿಧಾನದಲ್ಲಿ ಅಳೆಯಬೇಕಿತ್ತು. ಮ್ಯಾಂಗನೀಸ್ ಸಲ್ಫೇಟ್, ಕ್ಷಾರೀಯ ಅಯೋಡೈಡ್ ಹಾಕಿದೊಡನೆ ಕಂದು ಪ್ರಕ್ಷೇಪ ಮೋಡದಂತೆ ಇಳಿಯಿತು. ಆಮ್ಲ ಸೇರಿಸಿ, ಥಯೋಸಲ್ಫೇಟಿನಿಂದ ಟೈಟ್ರೇಶನ್ ಮಾಡಿ, ಪಿಷ್ಟದ ನೀಲಿ ಮಾಯವಾದಾಗ ನನ್ನ ಉತ್ತರ ಲೀಟರಿಗೆ 12.6 ಮಿಲಿಗ್ರಾಂ. 10 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದೇ ಸುಮಾರು 11.3. ಬೋಧಕಿ ಏನೂ ಹೇಳದೆ ಸೀಸೆಯ ಮುಚ್ಚಳದ ಕೆಳಗೆ ಬೆರಳು ತೋರಿಸಿದರು: ಅಲ್ಲಿ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡಿತ್ತು. ಸೀಸೆಯನ್ನು ನೀರಿನ ಒಳಗೇ ಮುಚ್ಚಬೇಕೆಂಬ ಸಾಲನ್ನು ನಾನು ಕೈಪಿಡಿಯಲ್ಲಿ ಎರಡು ಸಲ ಓದಿದ್ದೆ. ಮಾಡ್ಯೂಲಿನಲ್ಲಿ ಇಂಥ ತಪ್ಪಿಗೆ ಅವಕಾಶವೇ ಇರಲಿಲ್ಲ. ಡಿಪ್ಲೊಮಾದಲ್ಲಿ ನಾನಿದ್ದಷ್ಟು ದಿನ ಅದನ್ನು ಮತ್ತೆ ಮಾಡಿ ತಿದ್ದಿಕೊಳ್ಳುವಷ್ಟು ಸಮಯ ಇರಲಿಲ್ಲ.

ಹೊಳೆಯ ತಳವನ್ನು ಮೂರು ನಿಮಿಷ ಕಾಲಿನಿಂದ ಕದಡಿ ಬಲೆಗೆ ಬಿದ್ದ ಕೀಟಗಳನ್ನು ಎಣಿಸುವ ಕೆಲಸವನ್ನೂ ಹಾಗೆಯೇ ಪದೇ ಪದೇ ಮಾಡಿಸಿದರು. ಸಿಕ್ಕ ಜೀವಿಗಳಿಗೆ ಅಂಕ ಕೊಟ್ಟು ನೀರಿನ ಗುಣಮಟ್ಟ ಅಳೆಯುವ ಹಳೆಯ ಬಿಎಂಡಬ್ಲ್ಯುಪಿ ಪದ್ಧತಿಯಲ್ಲಿ ಮಾಲಿನ್ಯ ಸಹಿಸದ ಸ್ಟೋನ್‌ಫ್ಲೈ ಕುಟುಂಬಗಳಿಗೆ 10 ಅಂಕದವರೆಗೂ ಇದ್ದರೆ ಕೆಸರಿನ ಹುಳುಗಳಿಗೆ ಒಂದೇ ಅಂಕ. ಬಿಳಿ ತಟ್ಟೆಯಲ್ಲಿ ಎರಡು ಬಾಲದ ಎಳೆಗಳಿರುವ ಸ್ಟೋನ್‌ಫ್ಲೈ ಮರಿಯನ್ನು ಮೂರು ಎಳೆಗಳ ಮೇಫ್ಲೈಯಿಂದ ಬೇರ್ಪಡಿಸುವ ಕಣ್ಣು ಮೂರನೆಯ ಸಲಕ್ಕೆ ಬಂತು.

ಈ ದಾರಿಯ ದೋಷಗಳೂ ಸಣ್ಣವಲ್ಲ. ಫೌಂಡೇಶನ್ ವರ್ಷದ ಅಂಕಗಳು ಪದವಿಯ ದರ್ಜೆಗೆ ಸೇರುವುದಿಲ್ಲ. ಮುಂದಿನ ವರ್ಷದ ಸೀಟಿನ ಭರವಸೆ ಸಾಮಾನ್ಯವಾಗಿ ಅದೇ ವಿಶ್ವವಿದ್ಯಾಲಯಕ್ಕೆ ಸೀಮಿತ. ನಡುವೆ ಊರು ಬದಲಿಸುವ ಯೋಚನೆ ಬಂದು ಬೇರೊಂದು ಕಡೆ ವಿಚಾರಿಸಿದಾಗ, ನನ್ನ ಅಂಕಪಟ್ಟಿಯನ್ನು ಅವರು ಪರಿಗಣಿಸಲೇ ಇಲ್ಲ. ಊರು ಬಿಡುವ ಸಾಧ್ಯತೆ ಇರುವವರಿಗೆ, ಹಗಲು ಬಿಡುವಿದ್ದರೆ, ನಾನು ಡಿಪ್ಲೊಮಾವನ್ನೇ ಹೇಳುತ್ತೇನೆ. ಶಾಲೆಯಲ್ಲಿ ರಸಾಯನಶಾಸ್ತ್ರ ನನ್ನಂತೆ ಬರಿದಾಗಿದ್ದು, ಸೇರಿದ ಕಡೆಯೇ ನಿಲ್ಲುವ ಖಾತರಿ ಇರುವವರಿಗೆ ಫೌಂಡೇಶನ್.

ಹಣದ ಮಾತಿಗೆ ಬಂದರೆ, 2025-26ರಲ್ಲಿ ಇಂಗ್ಲೆಂಡಿನ ಶುಲ್ಕದ ಗರಿಷ್ಠ ಮಿತಿ ವರ್ಷಕ್ಕೆ 9,535 ಪೌಂಡ್ ಇತ್ತು. ವ್ಯವಹಾರ, ಸಮಾಜವಿಜ್ಞಾನದಂಥ ತರಗತಿ ಆಧಾರಿತ ವಿಷಯಗಳ ಫೌಂಡೇಶನ್ ವರ್ಷಕ್ಕೆ ಆಗ ಅದನ್ನು 5,760ಕ್ಕೆ ಇಳಿಸಿದ್ದರು. ಪ್ರಯೋಗಾಲಯದ ವಿಜ್ಞಾನಗಳಿಗೆ ಆ ರಿಯಾಯಿತಿ ಇರಲಿಲ್ಲ. ಹೀಗಾಗಿ ನನ್ನ ಪದವಿಯ ಸಾಲ ಮೂರಲ್ಲ, ನಾಲ್ಕು ವರ್ಷದ್ದು. ಡಿಪ್ಲೊಮಾಕ್ಕೆ ಪಡೆದ ಅಡ್ವಾನ್ಸ್ಡ್ ಲರ್ನರ್ ಲೋನ್ ಆದರೋ ಡಿಪ್ಲೊಮಾವನ್ನೂ ಅದರ ಮೇಲೆ ಪದವಿಯನ್ನೂ ಮುಗಿಸಿದವರಿಗೆ ಮನ್ನಾ ಆಗುತ್ತದೆ. ನಾನು ನಡುವೆಯೇ ಬಿಟ್ಟವಳಾದ್ದರಿಂದ, ಒಂದು ಟರ್ಮಿನ ಆ ಸಣ್ಣ ಮೊತ್ತ ಸಾಲದ ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಈಗಲೂ ಕೂತಿದೆ.